ತೆಲುಗಿನ ಜೋಕು, ನನ್ನ ಹೊಟ್ಟೆಯುರಿ

ನಿಶ್ಚಿತಾರ್ಥವಾದ ಮೇಲೆ ಅವರು ಪ್ರತಿ ಭಾನುವಾರ ನನ್ನನ್ನು ನೋಡಲು ಮೊಳಕಾಲ್ಮೂರಿನಿಂದ ಬಸ್ಸು ಹತ್ತಿ ಚಳ್ಳಕೆರೆಗೆ ಬರುತ್ತಿದ್ದರು. ಮೊಳಕಾಲ್ಮೂರಿನಲ್ಲಿ ಅವರದು ಮೊಬೈಲ್ ರಿಪೇರಿ ಅಂಗಡಿ. ನಾನು ಚಳ್ಳಕೆರೆಯ ಒಂದು ಖಾಸಗಿ ಶಾಲೆಯಲ್ಲಿ ಟೀಚರ್. ಅದೇ ಶಾಲೆಯ ಇನ್ನೊಬ್ಬ ಟೀಚರ್ ಜೊತೆ ಬಾಡಿಗೆ ರೂಮಿನಲ್ಲಿದ್ದೆ. ಅವರು ಮೊದಲ ಸಲ ಬರುವ ದಿನ ಅವ್ವನಿಗೆ ಫೋನ್ ಮಾಡಿ, ನಾಚಿಕೊಂಡೇ, ಡೇಟಿಂಗ್‌ಗೆ ಹೋಗುತ್ತಿದ್ದೇನೆ ಎಂದೆ.

"ಇನ್ನೇನು ಡೇಟು ನೋಡ್ತೀರಾ? ಮದ್ವೆ ಡೇಟು ಗೊತ್ತಾಗೈತಲ್ಲ," ಅಂದಳು ಅವ್ವ.

ಬಿಡಿಸಿ ಹೇಳಿದ ಮೇಲೆ ಅವಳ ದನಿ ಬದಲಾಯಿತು. "ಒಬ್ಳೇ ಹೋಗಬ್ಯಾಡ. ರೂಮಿನ ಹುಡುಗೀನೂ ಕರ್ಕೊಂಡು ಹೋಗು."

ಹಾಗೆ ನಮ್ಮ ಭಾನುವಾರಗಳಿಗೆ ಮೂರನೆಯವಳು ಸೇರಿದಳು.

ನಾನು ಹೊಳಲ್ಕೆರೆ ಕಡೆಯವಳು, ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಅವರ ಊರು ದೇವಸಮುದ್ರ, ಮನೆಯಲ್ಲಿ ಆಡುವುದು ತೆಲುಗು. ಗೆಳತಿ ಬಿ.ಜಿ. ಕೆರೆಯವಳು, ತೆಲುಗಿನ ಅಜ್ಜಿಯ ಮಡಿಲಲ್ಲಿ ಬೆಳೆದವಳು. ಬಸ್‌ಸ್ಟ್ಯಾಂಡಿನ ಹತ್ತಿರ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತಿದ್ದಾಗ ಅವರು ಒಂದು ಜೋಕು ಹೇಳಿದರು. ಗಡಿಯಾಚೆಯ ಹುಡುಗನೊಬ್ಬ ಚಳ್ಳಕೆರೆ ಹುಡುಗಿಯನ್ನು ಮೆಚ್ಚಿ, ಧೈರ್ಯ ಮಾಡಿ ಹತ್ತಿರ ಹೋಗಿ, "ನೀಕು ಒಕ ಮಾಟ ಚೆಪ್ಪಾಲಿ" ಅಂದನಂತೆ. ಅವಳು, "ಮಾಟಾನೂ ಮಾಡಿಸ್ತೀಯಾ, ಚಪ್ಪಲೀನೂ ಕೇಳ್ತೀಯಾ? ತಗ," ಎಂದು ಕಾಲಲ್ಲಿದ್ದುದನ್ನು ಕೈಗೆ ತೆಗೆದುಕೊಂಡಳಂತೆ.

ಗೆಳತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಇಬ್ಬರ ಮುಖವನ್ನೂ ನೋಡಿದೆ.

"ಮಾಟ ಅಂದ್ರೆ ತೆಲುಗಿನಾಗೆ ಮಾತು ಕಣೇ. ಚೆಪ್ಪಾಲಿ ಅಂದ್ರೆ ಹೇಳ್ಬೇಕು. ನಿಂಗೊಂದು ಮಾತು ಹೇಳ್ಬೇಕು ಅಂದ ಅಷ್ಟೇ, ಪಾಪ," ಎಂದು ಅವಳು ವಿವರಿಸಿದಳು.

ಆಗ ನಾನು ನಕ್ಕೆ. ಅಷ್ಟರಲ್ಲಿ ಅವರಿಬ್ಬರೂ ನಗು ಮುಗಿಸಿ ಮಂಡಕ್ಕಿಗೆ ಕೈ ಹಾಕಿದ್ದರು. ನನ್ನನ್ನು ಮದುವೆಯಾಗುವವರು ಹೇಳಿದ ಜೋಕು ನನಗೆ ಇನ್ನೊಬ್ಬಳ ಬಾಯಿಂದ ತಲುಪಿತ್ತು. ಅವಳು ಅವರನ್ನು ತೆಲುಗಿನ ರೀತಿಯಲ್ಲಿ ಅನ್ನಾ, ಅಂದರೆ ಅಣ್ಣಾ, ಎಂದೇ ಕರೆಯುತ್ತಿದ್ದಳು. ಅದೂ ನನಗೆ ಸಮಾಧಾನ ಕೊಡಲಿಲ್ಲ.

ಮಾರನೆಯ ದಿನದಿಂದಲೇ ಶಾಲೆಯ ಆಯಾ ಹತ್ತಿರ ಗುಟ್ಟಾಗಿ ತೆಲುಗು ಕಲಿಯತೊಡಗಿದೆ. ಆಯಾ ಆಂಧ್ರದ ರಾಯದುರ್ಗದ ಕಡೆಯವರು. ಕಡುಪು ಅಂದರೆ ಹೊಟ್ಟೆ, ವಾನ ಅಂದರೆ ಮಳೆ, ವಚ್ಚಿಂದಿ ಅಂದರೆ ಬಂತು. ಬಸ್ಸು ವಚ್ಚಿಂದಿ, ವಾನ ವಚ್ಚಿಂದಿ, ಎಲ್ಲದಕ್ಕೂ ಅದನ್ನೇ ಅಂಟಿಸುತ್ತಿದ್ದೆ.

ಮದುವೆಗೆ ತಿಂಗಳಿರುವಾಗ ಮೊಳಕಾಲ್ಮೂರಿನಲ್ಲಿ ಸೀರೆ ಆರಿಸಿ, ಅವ್ವನೂ ನಾನೂ ದೇವಸಮುದ್ರದ ಅವರ ಮನೆಗೆ ಊಟಕ್ಕೆ ಹೋದೆವು. ಅತ್ತೆಯಾಗುವವರು ನನ್ನ ಎಲೆಗೆ ಮೂರನೆಯ ಹೋಳಿಗೆ ಹಾಕಲು ಬಂದರು. ಹೊಟ್ಟೆ ತುಂಬಿತು ಎನ್ನಬೇಕಿತ್ತು. ಆಯಾ ಹೇಳಿಕೊಟ್ಟಿದ್ದ ಮಾತು ಆ ಗಳಿಗೆಯಲ್ಲಿ ಮರೆತು ಹೋಯಿತು. ಕೈ ಅಡ್ಡ ಹಿಡಿದು, ಎಲ್ಲರಿಗೂ ಕೇಳುವಂತೆ, "ನಾಕು ಕಡುಪು ವಚ್ಚಿಂದಿ," ಅಂದೆ.

ಅತ್ತೆಯ ಕೈ ಹೋಳಿಗೆ ಸಮೇತ ಗಾಳಿಯಲ್ಲಿ ನಿಂತಿತು. ಮಾವ ಎಲೆಯಿಂದ ತಲೆ ಎತ್ತಲಿಲ್ಲ. ಪಕ್ಕದಲ್ಲಿ ಅವ್ವ ಒಬ್ಬಳೇ ಹೆಮ್ಮೆಯಿಂದ ಬೀಗುತ್ತಿದ್ದಳು. "ನೋಡ್ರಿ, ಎಷ್ಟು ಬೇಗ ನಿಮ್ಮ ಮಾತು ಕಲ್ತವ್ಳೆ."

ಅತ್ತೆ ಮಗನ ಕಡೆ ತಿರುಗಿದರು. ಅವರು ಕೆಂಪಾಗಿ, "ನಂಗೇನೂ ಗೊತ್ತಿಲ್ಲಮ್ಮ," ಅಂದರು. ಆಮೇಲೆ ನನ್ನನ್ನು ಮೆಲ್ಲಗೆ ಕೇಳಿದರು, "ಏನ್ ಹೇಳೋಕೆ ಹೋದೆ?"

"ಹೊಟ್ಟೆ ತುಂಬ್ತು ಅಂದೆ ಕಣ್ರಿ."

ನಾನು ಹೇಳಿದ್ದು ಬಸುರಾಗಿದ್ದೇನೆ ಎಂದು. ಅತ್ತೆ ಅಲ್ಲೇ ಕುಸಿದು ಕೂತು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ಅರ್ಥ ತಿಳಿದ ಮೇಲೆ ಅವ್ವ ಚಳ್ಳಕೆರೆ ಮುಟ್ಟುವವರೆಗೂ ನನ್ನ ಜೊತೆ ಮಾತಾಡಲಿಲ್ಲ.

ನಾಚಿಕೆಯಾಗಿತ್ತು, ಆದರೂ ಆ ಮನೆಯಲ್ಲಿ ನಗು ಎಬ್ಬಿಸಿದವಳು ನಾನೇ ಎಂಬ ಖುಷಿಯೂ ಇತ್ತು. ಅದು ಉಳಿದದ್ದು ಕೈ ತೊಳೆಯುವವರೆಗೆ. ಹಿತ್ತಲಿಗೆ ಹೋದರೆ, ಅವರು ಫೋನಿನಲ್ಲಿ ಅದನ್ನೇ ತೆಲುಗಿನಲ್ಲಿ ಹೇಳುತ್ತಿದ್ದರು. ಆ ಕಡೆಯಿಂದ ಕೇಳುತ್ತಿದ್ದ ನಗು ನನ್ನ ಗೆಳತಿಯದು. ನನ್ನ ತಪ್ಪು ನನಗಿಂತ ಮೊದಲೇ ನನ್ನ ರೂಮು ಸೇರಿತ್ತು.

ಚಳ್ಳಕೆರೆಗೆ ಬಂದವಳೇ ಅವಳಿಗೆ ಹೇಳಿಬಿಟ್ಟೆ. "ನೀನು ಅವರ ಜೊತೆ ತೆಲುಗು ಮಾತಾಡಬ್ಯಾಡ. ನಂಗೆ ಹೊಟ್ಟೆ ಉರಿತೈತೆ."

"ಮತ್ತೆ ಹೊಟ್ಟೆನಾ?" ಎಂದು ನಗಲು ಹೊರಟವಳು, ನನ್ನ ಮುಖ ನೋಡಿ ನಿಲ್ಲಿಸಿದಳು. "ಅಜ್ಜಿ ಹೋದ ಮ್ಯಾಲೆ ನನ್ನ ಜೊತೆ ಆ ಮಾತು ಆಡೋರು ಯಾರೂ ಇರಲಿಲ್ಲ ಕಣೇ. ಅಣ್ಣನ ಮಾತು ಥೇಟ್ ಅಜ್ಜಿದೇ," ಅಂದಳು.

ಅಜ್ಜಿಯನ್ನು ನೆನೆಯುವವಳ ಮೇಲೆ ಉರಿದುಕೊಂಡೆನಲ್ಲ ಅನ್ನಿಸಿತು. ಉರಿ ಮಾತ್ರ ಆರಲಿಲ್ಲ.

ಮುಂದಿನ ಎರಡು ಭಾನುವಾರ ಅವಳು ತಲೆನೋವು ಎಂದು ರೂಮಿನಲ್ಲೇ ಉಳಿದಳು. ಅವರೂ ನಾನೂ ಇಬ್ಬರೇ. ಅವರು ಜೋಕು ಹೇಳಿದರು, ಅದು ಮುಗಿಯುವ ಮೊದಲೇ ನಾನು ನಕ್ಕೆ. "ಇನ್ನೂ ಐತೆ," ಅಂದರು. ಮೂರನೆಯ ಭಾನುವಾರ ನಾನೇ ಅವಳನ್ನು ಎಬ್ಬಿಸಿ ಹೊರಡಿಸಿದೆ.

ಈಗ ಮೊಳಕಾಲ್ಮೂರಿನಲ್ಲಿ ನಮ್ಮ ಸಂಸಾರ. ಗೆಳತಿ ಆಗಾಗ ಬರುತ್ತಾಳೆ. ಅವರಿಬ್ಬರ ತೆಲುಗು ನನಗೆ ಮುಕ್ಕಾಲು ಪಾಲು ಅರ್ಥವಾಗುತ್ತದೆ. ಅದರಲ್ಲಿ ಬಹುಪಾಲು ಅವಳ ತಾಯಿಯ ಮಂಡಿನೋವು, ಕರೆಂಟು ಹೋದದ್ದು. ಇಷ್ಟಕ್ಕೇ ಅಷ್ಟು ದಿನ ಉರಿದೆನೇ ಅನ್ನಿಸುತ್ತದೆ. ಆದರೆ ಕಳೆದ ಸಲ ಅವಳು ಏನೋ ಒಂದು ಪದ ಅಂದಳು, ಅವರು ಜೋರಾಗಿ ನಕ್ಕರು. ಅಡುಗೆಮನೆಗೆ ಹೋಗಿ, ದೇವಸಮುದ್ರದಿಂದ ಬಂದಿದ್ದ ಅತ್ತೆಯನ್ನು ಕೇಳಿದೆ.

"ನಂಗೂ ಗೊತ್ತಿಲ್ಲಮ್ಮ. ಅವಳ ಅಜ್ಜಿ ಊರ ಕಡೆ ಮಾತಿರಬೇಕು," ಅಂದರು.

ಟೀ ಸೋಸಿದೆ. ಅವಳ ಲೋಟಕ್ಕೆ ಸಕ್ಕರೆ ಹಾಕಲಿಲ್ಲ. ಅವಳು ಪೂರ್ತಿ ಕುಡಿದು, ಚೆನ್ನಾಗೈತೆ ಎಂದಳು.