ಕಚ್ಚಿ ಇಟ್ಟ ನಾನ್

ನನ್ನ ಹೆತ್ತವಳು ನಾನು ಹುಟ್ಟಿದ ದಿನವೇ ಕಣ್ಣು ಮುಚ್ಚಿದಳು. ಹಾಲು ಕೊಟ್ಟು ನನ್ನನ್ನು ಉಳಿಸಿಕೊಂಡವಳು ಪಕ್ಕದ ಮನೆಯ ಅನ್ಬರ್. ಬುಖಾರಾದಲ್ಲಿ ನಮ್ಮ ಗಲ್ಲಿಗೆಲ್ಲ ನಾನ್ ರೊಟ್ಟಿ ಸುಡುತ್ತಿದ್ದವಳು ಅವಳೇ. ತಂದೂರಿನೊಳಗೆ ಕೈ ಹಾಕಿ ಹಿಟ್ಟು ಬಡಿದೂ ಬಡಿದೂ ಅವಳ ಬಲಗೈಯಲ್ಲಿ ಒಂದು ರೋಮವೂ ಉಳಿದಿರಲಿಲ್ಲ. ಬಾಯಿ ಮಾತ್ರ ತಂದೂರಿಗಿಂತ ಬಿಸಿ. "ಇದು ನಿನ್ನೆ ಸುಟ್ಟಿದ್ದಾ?" ಎಂದು ಯಾರಾದರೂ ಕೇಳಿದರೆ, "ಅಲ್ಲಪ್ಪಾ, ನಿಮ್ಮಜ್ಜನ ಮದುವೇಲಿ ಸುಟ್ಟಿದ್ದು, ನಿನಗೋಸ್ಕರ ಎತ್ತಿಟ್ಟಿದ್ದೆ" ಎನ್ನುತ್ತಿದ್ದಳು. ಗಂಡ ಸತ್ತಿದ್ದ. ಇದ್ದದ್ದು ಒಬ್ಬನೇ ಮಗ, ಶಾದ್ಮಾನ್. ಒಂದೇ ಎದೆಯ ಹಾಲು ಕುಡಿದವರಾದ್ದರಿಂದ ಅವನು ನನಗೆ ಅಣ್ಣ.

ಆಗ ಆಳುತ್ತಿದ್ದ ಅಮೀರನ ಹೆಸರನ್ನು ನಾನು ಹೇಳುವುದಿಲ್ಲ. ಅದು ನನ್ನ ಬಾಯಿಗೆ ಬರುವ ಯೋಗ್ಯತೆಯ ಹೆಸರಲ್ಲ. ಸ್ವಂತ ತಮ್ಮಂದಿರನ್ನು ಕೊಲ್ಲಿಸಿ ಗದ್ದುಗೆ ಏರಿದವನು. ಎದುರಿಗೆ ಸೀನಿದನೆಂದು ಒಬ್ಬ ಮುದುಕನನ್ನು ಕೋಟೆಯ ಗೋಡೆಯಿಂದ ತಳ್ಳಿಸಿದವನು. ಪಾಪಿ ಚಿರಾಯು ಅನ್ನುತ್ತಾರಲ್ಲ, ಮೂವತ್ತು ವರ್ಷ ಮೆರೆದ.

ಶಾದ್ಮಾನ್ ಅವನ ಲಾಯದಲ್ಲಿ, ಕುದುರೆ ಹತ್ತುವವರು ಕಾಲಿಡುವ ರಿಕಾಪು ಹಿಡಿಯುವ ಕೆಲಸಕ್ಕಿದ್ದ. ಒಂದು ಶುಕ್ರವಾರ, ನಮಾಜಿಗೆ ಹೊರಟ ಅಮೀರನ ಕುದುರೆ ಕೋಟೆಯ ಬಾಗಿಲಲ್ಲಿ ಮುಗ್ಗರಿಸಿತು. ಅಮೀರ ಬೀಳಲಿಲ್ಲ. ಪೇಟ ಸ್ವಲ್ಪ ವಾಲಿತು, ಅಷ್ಟೇ. ಸಂಜೆಯೊಳಗೆ ಲಾಯದ ಯಜಮಾನನ ತಲೆ ಉರುಳಿತು. ಮಂಗಳವಾರ ಲಾಯದ ಗೆಳೆಯನೊಬ್ಬ ಬಂದು ಶಾದ್ಮಾನ್‌ನ ಕಿವಿಯಲ್ಲಿ ಹೇಳಿದ: "ಮುಂದಿನ ಸರದಿ ನಿಂದು. ಶುಕ್ರವಾರದವರೆಗೂ ಕಾಯಬೇಡ."

ಅಮು ನದಿ ದಾಟಿಬಿಟ್ಟರೆ ಅಮೀರನ ಕೈ ಎಟುಕುತ್ತಿರಲಿಲ್ಲ. ನದಿಗೆ ಕಾಲ್ನಡಿಗೆಯಲ್ಲಿ ಮೂರು ದಿನ. ಅವನು ಓಡಿಹೋದನೆಂದು ಗೊತ್ತಾದರೆ ಕೋಟೆಯ ಸವಾರರು ಒಂದೇ ದಿನದಲ್ಲಿ ಹಿಡಿದು ತರುತ್ತಿದ್ದರು. ಆ ಮೂರು ದಿನ ಅವನು ಮನೆಯಲ್ಲೇ ಇದ್ದಾನೆಂದು ಊರು ನಂಬಬೇಕಿತ್ತು.

"ಸಿಡುಬು ಅಂತ ಹೇಳ್ತೀನಿ. ಯಾವ ಗಂಡಸೂ ಹೊಸ್ತಿಲು ತುಳಿಯಲ್ಲ" ಎಂದಳು ಅನ್ಬರ್. ಆಮೇಲೆ ನನ್ನ ಕಡೆ ತಿರುಗಿದಳು. "ಅವನಷ್ಟು ಎತ್ತರ ಇರೋಳು ನೀನೊಬ್ಬಳೇ ಕಣೇ. ಒಳಗೆ ರಜಾಯಿ ಹೊದ್ದು ಮಲಗು. ನರಳು. ಮಾತಾಡಬೇಡ. ನಿನಗದು ಎಷ್ಟು ಕಷ್ಟ ಅಂತ ನಂಗೊತ್ತು."

ಬುಧವಾರ ಬೆಳಗಿನ ಜಾವ ಹೊರಡುವ ಮುನ್ನ ಶಾದ್ಮಾನ್ ಬಿಸಿ ನಾನ್‌ನಿಂದ ಒಂದು ತುತ್ತು ಕಚ್ಚಿ ತಿಂದ. ಉಳಿದದ್ದನ್ನು ತಾಯಿ ಗೋಡೆಯ ಮೊಳೆಗೆ ತೂಗುಹಾಕಿದಳು. ದೂರ ಹೋಗುವವರೆಲ್ಲ ನಮ್ಮಲ್ಲಿ ಹೀಗೇ ಮಾಡುವುದು. ಹೋದವನು ಬಂದು ಅದನ್ನು ತಾನೇ ತಿಂದು ಮುಗಿಸಬೇಕು. ಬೇರೆ ಯಾರಾದರೂ ತಿಂದರೆ ಅವನು ಮರಳುವ ದಾರಿಯನ್ನೇ ತಿಂದಂತೆ. ಊರಿಗೆಲ್ಲ ಸುಳ್ಳು ಹೊಸೆದ ಹೆಂಗಸಿಗೆ ಇದನ್ನು ಬಚ್ಚಿಡಬೇಕೆಂದು ಹೊಳೆಯಲೇ ಇಲ್ಲ. ನನಗೂ ಹೊಳೆಯಲಿಲ್ಲ, ನನ್ನ ಬುದ್ಧಿಗಿಷ್ಟು!

ಗುರುವಾರ ಮಧ್ಯಾಹ್ನ ಹಮ್ರೋ ಬಂದಳು. ಕೋಟೆಯ ಜನಾನಾದ ಹೆಂಗಸರಿಗೆ ತಲೆ ಬಾಚುವವಳು. ಅವಳು ಅಮೀರನ ಕಿವಿ ಅನ್ನುವುದೂ ಎಲ್ಲರಿಗೂ ಗೊತ್ತು. ಅವಳು ಚಹಾ ಕುಡಿದು ಹೋದ ಮನೆಗೆ ಮರುದಿನ ಸಿಪಾಯಿಗಳು ಬಂದದ್ದುಂಟು. ಪರದೆಯ ಸಂದಿಯಿಂದ ಅವಳ ಕೆಂಪು ಚರ್ಮದ ಬೂಟು ಕಂಡಿತು.

"ಮಗನಿಗೆ ಹುಷಾರಿಲ್ವಂತಲ್ಲ ಆಪಾ. ಕೋಟೇಲಿ ಎಲ್ರೂ ಕೇಳ್ತಿದ್ರು."

"ಸಿಡುಬು, ತಾಯಿ. ಅಲ್ಲೇ ಇರಿ, ಹತ್ತಿರ ಬರಬೇಡಿ" ಎಂದಳು ಅನ್ಬರ್.

"ನನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ? ನಂಗೆ ಚಿಕ್ಕಂದಿನಲ್ಲೇ ಆಗಿಹೋಗಿದೆ. ಎರಡನೇ ಸಲ ಬರಲ್ಲ. ಒಂಚೂರು ನೋಡ್ತೀನಿ, ಪಾಪ."

ಬೂಟು ಪರದೆಯ ಬಳಿಗೆ ಬಂತು. ನಾನು ರಜಾಯಿಯನ್ನು ಕಣ್ಣಿನವರೆಗೆ ಎಳೆದುಕೊಂಡು ನರಳಿದೆ.

"ಇದೇನು, ಹುಡುಗಿ ಥರ ನರಳ್ತಾನೆ!"

"ಜ್ವರ ಬಂದ್ರೆ ಗಂಡಸರೆಲ್ಲ ಹಾಗೇ ಅಲ್ವಾ? ನಾವು ಹೆರುವಾಗಲೂ ಇಷ್ಟು ಕೂಗಲ್ಲ."

ಹಮ್ರೋ ನಕ್ಕಳು. ಪರದೆಗೆ ಕೈ ಹಾಕಿದವಳು ಹಾಗೇ ನಿಂತಳು. ಅವಳ ಕಣ್ಣು ಪಕ್ಕದ ಗೋಡೆಯ ಮೇಲಿತ್ತು.

"ಯಾರು ಊರು ಬಿಟ್ಟಿದ್ದು, ಆಪಾ?"

ನಾನು ನರಳುವುದನ್ನೂ ಮರೆತೆ. ಅನ್ಬರ್ ಮಾತ್ರ ಚಹಾ ಬಗ್ಗಿಸುತ್ತಲೇ ಇದ್ದಳು.

"ಯಾರೂ ಇಲ್ಲ. ಒಳಗೆ ಬಿದ್ಕೊಂಡಿದಾನಲ್ಲ, ಅವನು ಕಚ್ಚಿ ಬಿಟ್ಟಿದ್ದು. ಒಂದು ತುತ್ತೂ ಗಂಟಲಲ್ಲಿ ಇಳೀಲಿಲ್ಲ. ಇಲಿ ಕಾಟ ಅಂತ ಮೇಲೆ ಹಾಕಿದೆ."

"ಹಂಗಾ!" ಹಮ್ರೋ ಪರದೆ ಬಿಟ್ಟು ಬಂದು ಕುಳಿತಳು. "ಮತ್ತೆ ಒಣಗಿಸ್ತೀರಾ ಯಾಕೆ? ಚಹಾದಲ್ಲಿ ಅದ್ದಿಕೊಂಡು ತಿನ್ನಿ. ಮಗನ ಎಂಜಲು ತಾಯಿಗೆ ಎಂಜಲಾ?"

ಥೂ, ರಾಕ್ಷಸಿ! ಅವಳೂ ನಮ್ಮೂರಿನವಳೇ, ಅವಳಿಗೂ ಇಬ್ಬರು ಮಕ್ಕಳು. ಯಾವ ತಾಯಿಯೂ ಇದನ್ನು ತಿನ್ನಲಾರಳೆಂದು ಗೊತ್ತಿದ್ದೇ ಕೇಳಿದಳು. ಎದ್ದು ಹೋಗಿ ಅವಳ ಜುಟ್ಟು ಹಿಡಿಯಬೇಕೆನಿಸಿತು. ಆದರೆ ನಾನು ಎದ್ದರೆ ಅಣ್ಣನ ತಲೆ ಹೋಗುತ್ತಿತ್ತು.

ಅನ್ಬರ್ ಎದ್ದು ನಾನ್ ಇಳಿಸಿದಳು. ಒಂದು ದಿನಕ್ಕೇ ಗಟ್ಟಿಯಾಗಿತ್ತು. ಮೊದಲು ಅವನ ಹಲ್ಲಿನ ಗುರುತಿದ್ದ ಅಂಚನ್ನೇ ಮುರಿದಳು. ಅದ್ದಿದಳು, ಬಾಯಿಗಿಟ್ಟಳು, ಅಗಿದಳು. ಹಮ್ರೋ ರೆಪ್ಪೆ ಹೊಡೆಯದೆ ನೋಡುತ್ತಿದ್ದಳು. ಎರಡನೇ ಚೂರು. ಮೂರನೆಯದು. ಅರ್ಧಕ್ಕೆ ಬಂದಾಗ ಅನ್ಬರ್‌ಗೆ ಚೂರು ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮಿ, ಎದೆ ಗುದ್ದಿಕೊಂಡು, "ಉಪ್ಪು ಕಮ್ಮಿ ಆಗಿದೆ" ಎಂದಳು. ಮತ್ತೆ ಮುರಿದಳು. ನನ್ನ ಬಾಯಿಯಲ್ಲಿ ರಜಾಯಿಯ ಹತ್ತಿ ತುಂಬಿಕೊಂಡಿತ್ತು, ಕೂಗಿಬಿಡುತ್ತೇನೆಂದು ನಾನೇ ತುರುಕಿಕೊಂಡದ್ದು. ಕೊನೆಗೆ ಬಟ್ಟೆಯ ಮೇಲೆ ಉದುರಿದ್ದ ಪುಡಿಯನ್ನೂ ಬೆರಳಿಗೆ ಅಂಟಿಸಿಕೊಂಡು ತಿಂದಳು.

"ಬೇಗ ಗುಣ ಆಗ್ಲಿ" ಎಂದು ಹಮ್ರೋ ಎದ್ದು ಹೋದಳು. ಒಳಗೆ ಇಣುಕಲೂ ಇಲ್ಲ.

ನಾನು ಹೊರಬಂದು ಅನ್ಬರ್‌ಳ ಕಾಲು ಹಿಡಿದುಕೊಂಡು ಅತ್ತೆ. ಅವಳು ಅಳಲಿಲ್ಲ. "ನಾಳೆ ರಾತ್ರಿಗೆ ನದಿ ಮುಟ್ತಾನೆ. ಹೋಗಿ ಮಲಗು, ನರಳು" ಎಂದಳು.

ನಾಲ್ಕನೇ ದಿನ ಅವಳೇ ಬೀದಿಗೆ ಓಡಿ, ಜ್ವರ ನೆತ್ತಿಗೇರಿ ಮಗ ಎದ್ದು ಹೋದನೆಂದು ಬಾಯಿ ಬಡಿದುಕೊಂಡಳು. ಹಮ್ರೋ ಅವನನ್ನು ಕಣ್ಣಾರೆ ಕಂಡಿದ್ದೆನೆಂದು ಆಣೆ ಇಟ್ಟಳು. ತನ್ನ ತಲೆಯೂ ಉಳಿಯಬೇಕಲ್ಲ. ಆದರೂ ಕೋಟೆಯವರು ಅನ್ಬರ್‌ಳನ್ನು ಎಳೆದೊಯ್ದು ಅಂಗಾಲಿಗೆ ಹೊಡೆದರು. ಅಂದಿನಿಂದ ಅವಳು ತಂದೂರಿನಿಂದ ಬಾಗಿಲಿಗೆ ಬರುವುದೂ ಗೋಡೆ ಹಿಡಿದುಕೊಂಡೇ.

ಹನ್ನೊಂದು ವರ್ಷದ ಮೇಲೆ ಅಮೀರ ಸತ್ತ. ಊರು ಹೊರಗೆ ಅತ್ತಿತು, ಒಳಗೆ ಹಲ್ವ ಮಾಡಿತು. ಓಡಿಹೋದವರು ಒಬ್ಬೊಬ್ಬರಾಗಿ ಬರತೊಡಗಿದರು. ಆ ವಸಂತದಲ್ಲಿ ಹೆರಾತಿನಿಂದ ಬಂದ ಒಂಟೆ ವ್ಯಾಪಾರಿಯೊಬ್ಬ ಬಾಗಿಲಲ್ಲಿ ನಿಂತು, ಶಾದ್ಮಾನ್ ಅಲ್ಲಿ ಕುದುರೆ ಮಾರುತ್ತಾನೆ, ಇಬ್ಬರು ಹೆಣ್ಣುಮಕ್ಕಳು, ದೊಡ್ಡವಳಿಗೆ ಅಜ್ಜಿಯದೇ ಹೆಸರು ಎಂದ. "ಮುಂದಿನ ಗುಂಪಿನ ಜೊತೆ ಹೊರಡ್ಲಾ ಅಂತ ಕೇಳಿದಾನಮ್ಮ. ಏನು ಹೇಳ್ಲಿ?"

ನಾನು ಕುಣಿದಾಡಿಬಿಟ್ಟೆ. ಅನ್ಬರ್ ಎರಡು ಸಲ ಕೇಳಿದಳು, ಮಕ್ಕಳ ಮುಖ ಯಾರ ಹಾಗಿದೆ ಎಂದು. ಆಮೇಲೆ ಹೇಳಿದಳು: "ಬರಬೇಡ ಅನ್ನಿ."

"ತಲೆ ಕೆಟ್ಟಿದೆಯೇನಮ್ಮಾ ನಿಂಗೆ? ಆ ಪಾಪಿ ಮಣ್ಣಾಗಿ ಹೋದ! ಇನ್ಯಾರ ಭಯ?" ಎಂದು ನಾನು ಕಿರುಚಿದೆ.

ಅವಳು ನನ್ನ ಕಡೆ ನೋಡಲಿಲ್ಲ. ವ್ಯಾಪಾರಿಯ ತೋಳು ಹಿಡಿದುಕೊಂಡಳು. "ಯಾಕೆ ಅಂತ ಕೇಳ್ತಾನೆ. ನಿನ್ನ ನಾನ್ ಅಮ್ಮ ತಿಂದಿದ್ದಾಳೆ ಅನ್ನಿ. ಹೊರಟರೆ ದಾರೀಲೇ ಹೋಗಿಬಿಡ್ತಾನೆ. ಅಲ್ಲೇ ಇರಲಿ, ಬದುಕಿರಲಿ."

ಶಾದ್ಮಾನ್ ತಾಯಿಯ ಮಾತು ಮೀರಲಿಲ್ಲ. ಆರು ವರ್ಷದ ನಂತರ ಅವಳ ಹೆಣಕ್ಕೆ ಹೆಗಲು ಕೊಟ್ಟವರೆಲ್ಲ ಗಲ್ಲಿಯವರು.