ಮೂರು ಸಲ ಕಚ್ಚಿ ನೋಡಿದ ಮೂಟೆ

ಮಲ್ಲಂದೂರಿನ ನಮ್ಮ ಸಣ್ಣ ತೋಟದಲ್ಲಿ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣು ಸುಲಿದು ತೊಳೆದು ಕಣಕ್ಕೆ ಹಾಕಿದ ಬೀಜ, ಒಣಗಿದೆಯೋ ಇಲ್ಲವೋ ಎಂದು ಹೇಳುವುದು ನನ್ನ ಹಲ್ಲಿನ ಕೆಲಸವಾಗಿತ್ತು. ಸಿಪ್ಪೆ ಸುಲಿದು ಬೀಜ ಕಚ್ಚುತ್ತಿದ್ದೆ. ಹಲ್ಲು ಊರಿದರೆ ಹಸಿ, ಕಟ್ ಎಂದು ಒಡೆದರೆ ಒಣಗಿದೆ. ತೊಂಬತ್ತರ ದಶಕದ ಮಾತು. ತೇವ ಅಳೆಯುವ ಮೀಟರೆಲ್ಲ ವ್ಯಾಪಾರಿಗಳ ಹತ್ತಿರ ಮಾತ್ರ ಇತ್ತು.

ಹಲ್ಲೂ ಸುಳ್ಳು ಹೇಳುತ್ತದೆ. ನಾನು ಓದಿದ್ದು ಮೂರನೇ ಕ್ಲಾಸು, ಆದರೂ ಇಷ್ಟು ಕಂಡುಕೊಂಡಿದ್ದೆ: ನೂರು ಮೂಟೆಯಲ್ಲಿ ಹಸಿ ಇರುವುದು ಹತ್ತು. ಅದರಲ್ಲಿ ಒಂಬತ್ತನ್ನು ಹಲ್ಲು ಹಿಡಿಯುತ್ತದೆ. ಒಣಗಿದ ತೊಂಬತ್ತರಲ್ಲೂ ಒಂಬತ್ತನ್ನು ಸುಮ್ಮನೆ ಹಸಿ ಅನ್ನುತ್ತದೆ. ಅಂದರೆ ಒಂದು ಸಲ ಹಸಿ ಅಂದದ್ದರಲ್ಲಿ ಅರ್ಧಕ್ಕರ್ಧ ಸುಳ್ಳು. ಆ ಹದಿನೆಂಟನ್ನು ಮತ್ತೆ ಕಚ್ಚಿದರೆ ನಿಜದ ಕಡೆ ಎಂಟು ಉಳಿದಾವು, ಸುಳ್ಳಿನ ಕಡೆ ಒಂದು. ಮೂರನೇ ಸಲವೂ ಹಸಿ ಅಂದರೆ ಅನುಮಾನ ಬೇಡ.

ಕಣದಲ್ಲಿ ಕಾಫಿ ಒಣಗಿಸುವ ಹೆಂಗಸೊಬ್ಬಳು ಎರಡು ಮಕ್ಕಳ ಜೊತೆ, ಆಳುಗಳಿಗೆಂದು ಕಟ್ಟಿಸಿದ ನಮ್ಮ ಲೈನ್‌ಮನೆಯಲ್ಲಿದ್ದಳು. ಅವಳು ತುಂಬಿದ ಒಂದು ಮೂಟೆ ಸ್ಟೋರಿನ ಕಿಟಕಿ ಪಕ್ಕ ಬಾಯಿ ಬಿಚ್ಚಿ ನಿಂತಿತ್ತು. ಮೂರು ದಿನ ಕಚ್ಚಿದೆ, ಮೂರು ದಿನವೂ ಹಸಿ. ಬೇಗ ಮನೆ ಸೇರಲು ಅರ್ಧ ಒಣಗಿದ್ದನ್ನೇ ತುಂಬಿದ್ದಾಳೆ ಎಂದು ತೀರ್ಮಾನಿಸಿ ಕೆಲಸ ಬಿಡಿಸಿದೆ. ಕೆಲಸ ಹೋದರೆ ಮನೆಯೂ ಹೋಯಿತು.

"ಅಮ್ಮ, ಮೂರು ದಿನನೂ ನೀವು ಮೇಲಿಂದ್ಲೇ ತೆಗ್ದ್ರಿ. ಕಿಟಕಿ ಮಂಜು ಬೀಳೋದು ಅಲ್ಲೇ. ಮೂಟೆ ಹೊಟ್ಟೆಯಿಂದ ತೆಗ್ದು ಒಂದ್ಸಲ ಕಚ್ಚಿ ನೋಡಿ" ಅಂದಳು.

"ಕಚ್ಚೋದನ್ನ ನಿನ್ನ ಹತ್ರ ಕಲೀಬೇಕಾ ನಾನು? ಸಂಜೆ ಬಸ್ಸಿಗೆ ಹೊರಡು."

ಹೋದಳು. ವಾರದ ಮೇಲೆ ವ್ಯಾಪಾರಿ ಬಂದ. ಚೂಪು ಕೊಳವೆ ಚುಚ್ಚಿ ಅದೇ ಮೂಟೆಯ ನಡುವಿನಿಂದ ಬೀಜ ತೆಗೆದು ಮೀಟರಿಗೆ ಹಾಕಿದ. ಬೇರೆ ಬೇರೆ ಕಡೆಯಿಂದ ಮತ್ತೆರಡು ಸಲ ತೆಗೆದ. ಚೆನ್ನಾಗಿ ಒಣಗಿದೆ, ಕಣದ ಕೆಲಸ ಮಾಡಿದ್ದು ಯಾರು ಎಂದು ಕೇಳಿದ. ತಂಡಿ ಹಿಡಿದದ್ದು ಮೇಲಿನ ಒಂದು ಗೇಣು ಮಾತ್ರ. ಒಂದೇ ಜಾಗದ ಸುಳ್ಳನ್ನು ಮೂರು ಸಲ ಕೇಳಿ ನಾನು ಮೂರು ಸಾಕ್ಷಿ ಎಂದು ಎಣಿಸಿದ್ದೆ.

ಯಾರು ಅಂತ ಅವನಿಗೆ ಹೇಳಲಿಲ್ಲ. ಅವಳು ಸಂಸೆಯಲ್ಲಿ ತಂಗಿಯ ಮನೆ ಜಗಲಿಯಲ್ಲಿ ಮಲಗುತ್ತಾಳೆ ಎಂಬ ಸುದ್ದಿ ಬಂದಿತ್ತು. ಕರೆಸಬಹುದಿತ್ತು. ಕರೆಸಿದರೆ ನನ್ನ ಹಲ್ಲು ತಪ್ಪಿದ್ದು ಲೈನಿಗೆಲ್ಲ ಗೊತ್ತಾಗುತ್ತಿತ್ತು. ಅವಳಿದ್ದ ಲೈನ್‌ಮನೆಗೆ ಬೇರೆಯವರನ್ನು ಇಳಿಸಿದೆ.

ಮರುವರ್ಷದಿಂದ ಮೂಟೆಯ ಹೊಟ್ಟೆಯಿಂದಲೇ ಬೀಜ ತೆಗೆದು ಕಚ್ಚುತ್ತಿದ್ದೆ. ಹಾಗೆ ಮಾಡಲು ಯಾರು ಹೇಳಿಕೊಟ್ಟರು ಎಂದು ಕೇಳಿದವರಿಗೆ, ನನಗೇ ಹೊಳೆಯಿತು ಎನ್ನುತ್ತಿದ್ದೆ.