ಗೋಡೆಯಾಚೆ ಕಾಣುವವನು

ಲೋಹಿತ ಮೋಸಗಾರ ಎಂಬುದರಲ್ಲಿ ನಮ್ಮ ಗೇಮಿಂಗ್ ಗ್ರೂಪಿನ ಯಾರಿಗೂ ಅನುಮಾನವಿರಲಿಲ್ಲ. ಮೊಬೈಲಿನ ಶೂಟಿಂಗ್ ಆಟದಲ್ಲಿ ಶತ್ರು ಇನ್ನೂ ಗೋಡೆಯ ಹಿಂದಿರುವಾಗಲೇ ಅವನ ಬಂದೂಕು ಅತ್ತ ತಿರುಗುತ್ತಿತ್ತು. ಗೋಡೆಯಾಚೆ ತೋರಿಸುವ ಕಳ್ಳ ಆ್ಯಪ್ ಹಾಕಿಕೊಂಡಿದ್ದಾನೆಂದು ಅವನನ್ನು ಹೊರಹಾಕಿದೆವು. ದರ್ಬೆಯಲ್ಲಿ ನಡೆದ ನನ್ನ ಮದುವೆಗೆ ಗ್ರೂಪಿನವರೆಲ್ಲ ಬಂದರು. ಅವನಿಗೆ ಹೇಳಿಕೆಯೇ ಹೋಗಲಿಲ್ಲ. ನಾವೆಲ್ಲ ಪದವೀಧರರು, ವಿಚಾರಣೆಯ ಅಗತ್ಯ ಕಾಣಲಿಲ್ಲ.

ಎರಡು ವರ್ಷ ಕಳೆದು ಸರ್ವೆ ಕೆಲಸಕ್ಕೆ ಕಾಡಂಚಿನ ಗುತ್ತಿಗಾರಿಗೆ ಹೋಗಿದ್ದೆ. ಸಂಜೆ ಒಂದು ಮನೆಯ ಅಂಗಳದಲ್ಲಿ ನನ್ನನ್ನು ಮಾತನಾಡಿಸಿದವನ ಮುಖ ಹೊಸದು, ಸ್ವರ ಮಾತ್ರ ಆಟದಲ್ಲಷ್ಟೇ ಕೇಳಿ ಗೊತ್ತಿದ್ದ ಲೋಹಿತನದು. ಅವನಿಗೂ ನನ್ನ ಸ್ವರದ ಗುರುತು ಸಿಕ್ಕಿತು.

"ಆದಿತ್ಯವಾರ ಈಗಲೂ ಆಡುದುಂಟಾ?"

"ಉಂಟು."

"ನನ್ನ ಜಾಗಕ್ಕೆ ಯಾರು?"

"ಯಾರೂ ಇಲ್ಲ."

ಯಾರು ಬಂದರೂ ವಾರಕ್ಕಿಂತ ಹೆಚ್ಚು ನಿಂತಿರಲಿಲ್ಲ. ಅವನಿಲ್ಲದೆ ಆಟ ಸಪ್ಪೆಯಾಗಿತ್ತು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

"ಈಗಲಾದರೂ ಹೇಳು, ಅದು ಯಾವ ಆ್ಯಪ್?" ಎಂದೆ.

"ಎಂತ ಆ್ಯಪ್ ಮಾರಾಯ! ಹೆಡ್‌ಫೋನಲ್ಲಿ ಹೆಜ್ಜೆ ಕೇಳ್ತದೆ. ಆಗಲೂ ಅದನ್ನೇ ಹೇಳಿದ್ದಲ್ವಾ?"

"ನಮಗ್ಯಾಕೆ ಕೇಳುದಿಲ್ಲ ಹಾಗಾದರೆ?"

ಅವನು ಹಿತ್ತಲ ಕಡೆ ಕಿವಿಗೊಟ್ಟು ತಲೆ ವಾಲಿಸಿದ. "ಆನೆ ಬರ್ತಾ ಉಂಟು. ಒಳಗೆ ಬಾ."

ನನಗೇನೂ ಕೇಳಿಸಲಿಲ್ಲ. ಒಳಗೆ ಕೂತು ಅವನು ಕೊಟ್ಟ ಚಹಾ ಮುಗಿಸುವಷ್ಟರಲ್ಲಿ ಹಿತ್ತಲಲ್ಲಿ ಬಾಳೆಗಿಡ ಮುರಿದು ಬಿತ್ತು.